ಬೈರಣ್ಣನ ಚುಕ್ಕಿ ಅಕ್ಷರ

ಸತ್ತವರ ಹೆಸರು ಕೊರೆದ ತಟ್ಟೆಯನ್ನು ಎರಡೂ ಕೈಯೊಡ್ಡಿ ಇಸಿದುಕೊಂಡು, ಒಂದಕ್ಷರವನ್ನೂ ನೋಡದೆ ಚೀಲಕ್ಕೆ ತುರುಕಿ ಮನೆಗೆ ಒಯ್ದವರು ನೀವೇ ಅಲ್ಲವೆ?

ಅಲ್ಲವೆನ್ನಬೇಡಿ. ಇಂದು ಮಧ್ಯಾಹ್ನ ಬನಶಂಕರಿ ಎರಡನೇ ಹಂತದ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಮ್ಮ ಹಿಂದೆಯೇ ನಾನೂ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿನವರು ತಟ್ಟೆಯನ್ನು ಬೆರಳಿನಿಂದ ಬಡಿದು ದಪ್ಪ ನೋಡಿದರು. ಅವರ ಮುಂದಿನವರು ಇನ್ನೊಂದು ಕೊಡಿ, ನಮ್ಮತ್ತೆಗೆ ಎಂದರು. ಹೆಸರನ್ನು ಓದಿದವರು ಒಬ್ಬರೂ ಇಲ್ಲ.

ನಾನು ಓದಿದೆ. ಓದಿದ್ದರಿಂದಲೇ ಈಗ ಇದನ್ನು ಬರೆಯುತ್ತಿದ್ದೇನೆ.

ಕಮಲಾದೇವಿಯವರ ಶಿವಗಣಾರಾಧನೆ ಇಂದು. ಜಯನಗರ ಐದನೇ ಬ್ಲಾಕಿನ ಅವರದೇ ಮನೆಯ ಮೆಟ್ಟಿಲ ಬುಡದಲ್ಲಿ ಅವರ ದೇಹ ಸಿಕ್ಕಿ ಇಂದಿಗೆ ಹನ್ನೊಂದನೆಯ ದಿನ. ಅವರನ್ನು ನೋಡಿಕೊಳ್ಳಲು ಆ ಮನೆಯಲ್ಲೇ ಇದ್ದ ಭಾಗ್ಯಜ್ಯೋತಿಯೇ ತಳ್ಳಿ ಕೊಂದಳೆಂದು ಪೊಲೀಸರು ಅವಳನ್ನು ಜೈಲಿಗೆ ಕಳುಹಿಸಿದ್ದಾರೆ. ನಾಳೆ ಅವಳ ಜಾಮೀನು ಅರ್ಜಿಯ ವಿಚಾರಣೆ. ಹೊಸದೇನಾದರೂ ಇದ್ದರೆ ನಾಳೆ ಬೆಳಿಗ್ಗೆ ಹತ್ತರೊಳಗೆ ತನ್ನಿ, ಆಮೇಲೆ ಬರಬೇಡಿ ಎಂದು ಇನ್ಸ್‌ಪೆಕ್ಟರ್ ನನಗೆ ಹೇಳಿದ್ದಾರೆ.

ಆ ಹುಡುಗಿಯನ್ನು ಆ ಮನೆಯ ಕೆಲಸಕ್ಕೆ ಸೇರಿಸಿದವನು ನಾನು. ಬಾದಾಮಿ ಕಡೆಯಿಂದ ಬಂದ ತಾಯಿ ಮಗಳು, ಬಿ.ಟಿ.ಎಂ. ಬಡಾವಣೆಯಲ್ಲಿ ನಾನು ಬಾಡಿಗೆಗಿರುವ ಕಟ್ಟಡದಲ್ಲೇ ಕೆಳಗಿನ ಮನೆಯಲ್ಲಿದ್ದಾರೆ. ನಂಬಬಹುದಾದ ಹುಡುಗಿ ಎಂದು ಕಮಲಾದೇವಿಯವರ ಮುಂದೆ ಈ ಬಾಯಿಯೇ ಹೇಳಿತ್ತು. ಆದ್ದರಿಂದ ಕರೆಯದಿದ್ದರೂ ಇಂದು ಹೋದೆ. ಮೃತರ ಭಾವಚಿತ್ರಕ್ಕೆ ಹೂವಿಟ್ಟೆ. ಊಟಕ್ಕೆ ಕೂಡುವ ಮನಸ್ಸಾಗದೆ ಹೊರಟವನ ಕೈಗೂ ಬಾಗಿಲಲ್ಲಿ ಒಂದು ತಟ್ಟೆ ಬಂತು.

ಮೊದಲು ನನಗಾದದ್ದು ಸಂತೋಷ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವೇ ಆಯಿತು.

ಏಕೆಂದರೆ ನಾನು ಅಕ್ಷರ ನೋಡುವ ಮನುಷ್ಯ. ಜಯನಗರದ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಕಲಿಸಿದ ಸಿದ್ದಾರೂಢ ಮೇಷ್ಟ್ರಿಗೆ ಇರುವ ವ್ಯಸನ ಇದೊಂದೇ. ಐದನೇ ಬ್ಲಾಕಿನ ಹಳೆಯ ಮನೆಗಳ ಹಣೆಯ ಮೇಲೆ ಗಾರೆಯಲ್ಲಿ ಎಬ್ಬಿಸಿದ ಹೆಸರುಗಳನ್ನು ನೀವು ನೋಡಿದ್ದೀರಾ? ಅಲ್ಲೊಂದು ‘ನಿಲಯ’ದ ಲಕಾರ ಬಿಸಿಲಿಗೆ ಬಿರುಕು ಬಿಟ್ಟರೂ ತನ್ನ ದುಂಡನ್ನು ಬಿಟ್ಟುಕೊಟ್ಟಿಲ್ಲ. ತಿಲಕ್ ನಗರದ ಗುಜರಿ ಅಂಗಡಿಯ ಶಟರಿನ ಮೇಲೆ ಹೆಸರು ಬರೆದ ಪೇಂಟರ್ ಮಹಾಶಯ ಅದನ್ನು ತೀರ ಕೆಳತುದಿಯಲ್ಲಿ ಬರೆದಿದ್ದಾನೆ. ಶಟರ್ ಅರ್ಧಕ್ಕೆ ಎತ್ತಿದಾಗಲೂ ಅಂಗಡಿ ತನ್ನ ಹೆಸರು ಕಳೆದುಕೊಳ್ಳಬಾರದೆಂಬ ವಿವೇಕ ಅದು. ಹಳೆಯ ಸಿಟಿ ಬಸ್ಸಿನ ತಗಡಿನ ಫಲಕದ ಮೇಲಿದ್ದ ‘ಬನಶಂಕರಿ’ಯ ಐದೂ ಅಕ್ಷರಗಳನ್ನು ಒಂದು ಕೈ ಒಂದೇ ಉಸಿರಿನಲ್ಲಿ ಬರೆದಿತ್ತು. ಇವನ್ನೆಲ್ಲ ನಾನು ಪುಸ್ತಕದಲ್ಲಿ ಬಿಡಿಸಿಟ್ಟುಕೊಂಡಿದ್ದೇನೆ. ಇಂಥ ಕೈಗಳಿಗೆ ಯಾರೂ ಸನ್ಮಾನ ಮಾಡುವುದಿಲ್ಲ. ಅವರ ಅಕ್ಷರದ ಕೆಳಗೆ ನಿಂತು ಬಸ್ಸಿಗೆ ಕಾಯುತ್ತೇವೆ, ಅಷ್ಟೇ.

ಅಂಥ ಕೈಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ತಿಲಕ್ ನಗರದ ಬೈರಣ್ಣನದು. ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕುವವನು. ಕರೆಂಟಿನ ಸೂಜಿ ಗುರ್ರೆನ್ನುತ್ತ ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತದೆ. ಚುಕ್ಕಿಗಳು ಸೇರಿ ಅಕ್ಷರವಾಗುತ್ತವೆ. ಎಲ್ಲರೂ ಕುಟ್ಟುತ್ತಾರೆ. ಆದರೆ ಬೈರಣ್ಣ ಪಾತ್ರೆಯನ್ನು ತನ್ನ ಕಡೆಗಲ್ಲ, ಎದುರು ಕೂತ ಗಿರಾಕಿಯ ಕಡೆಗೆ ತಿರುಗಿಸಿಟ್ಟು ತಲೆಕೆಳಗಾಗಿ ಬರೆಯುತ್ತಾನೆ. ಯಾಕಪ್ಪ ಹೀಗೆ ಎಂದು ಒಮ್ಮೆ ಕೇಳಿದ್ದೆ. “ಸ್ಟೀಲ್ ಮೇಲೆ ರಬ್ಬರ್ ನಡೆಯಲ್ಲ ಸಾರ್. ಗಿರಾಕಿಗೆ ನೆಟ್ಟಗೆ ಕಾಣ್ತಾ ಇದ್ರೆ ತಪ್ಪು ಬಿದ್ದ ಕ್ಷಣ ಅವರೇ ಬಡ್ಕೋತಾರೆ” ಎಂದಿದ್ದ.

ತಲೆಕೆಳಗಾಗಿ ಬರೆಯುವವನ ಎಡಗಡೆಗೆ ಬರುವುದು ಸಾಲಿನ ಕೊನೆಯ ಅಕ್ಷರ. ಅಲ್ಲಿಂದಲೇ ಅವನು ಶುರು ಮಾಡುತ್ತಾನೆ. ಆದ್ದರಿಂದ ಲೋಕದ ಬರಹವೆಲ್ಲ ಜಾಗ ಸಾಲದೆ ಕೊನೆಯಲ್ಲಿ ಇಕ್ಕಟ್ಟಾದರೆ, ಬೈರಣ್ಣನದು ಮೊದಲಲ್ಲಿ ಇಕ್ಕಟ್ಟಾಗುತ್ತದೆ. ಇಡೀ ಬೆಂಗಳೂರಿನಲ್ಲಿ ಈ ಗುರುತು ಇನ್ನೊಬ್ಬರಿಗಿರುವುದನ್ನು ನಾನು ಕಂಡಿಲ್ಲ.

ನನ್ನ ಕೈಯಲ್ಲಿದ್ದ ತಟ್ಟೆಯ ಅಂಚಿನಲ್ಲಿ ‘ಲಿಂಗೈಕ್ಯ ಶರಣೆ ಕಮಲಾದೇವಿ ಕರಿಬಸವಯ್ಯ’ ಎಂದಿತ್ತು. ‘ಕರಿಬಸವಯ್ಯ’ ಕಾಲು ಚಾಚಿ ಕೂತಿತ್ತು. ‘ಕಮಲಾದೇವಿ’ ನೆಮ್ಮದಿಯಾಗಿತ್ತು. ‘ಲಿಂಗೈಕ್ಯ’ ಮಾತ್ರ ಭುಜಕ್ಕೆ ಭುಜ ಒತ್ತಿ ನಿಂತಿತ್ತು.

ಬೈರಣ್ಣ ಎಂದುಕೊಂಡೆ. ಎಷ್ಟು ದಿನವಾಯಿತು ನಿನ್ನ ಅಕ್ಷರ ನೋಡಿ ಎಂದುಕೊಂಡೆ.

ಎಷ್ಟು ದಿನವಾಯಿತು?

ತಟ್ಟೆ ಬಾಗಿಲ ಚೌಕಟ್ಟಿಗೆ ತಗುಲಿ ಸದ್ದಾಯಿತು. ಯಾರೋ ತಿರುಗಿ ನೋಡಿದರು.

ಜನವರಿ ಮೂವತ್ತು, ಶುಕ್ರವಾರ ಬೆಳಿಗ್ಗೆ ಬೈರಣ್ಣನಿಗೆ ಲಕ್ವ ಹೊಡೆಯಿತು. ಆಟೋದಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದವನು ನಾನೇ. ಅಂದಿನಿಂದ ಅವನ ಬಲಗೈ ಎದ್ದಿಲ್ಲ. ಕಮಲಾದೇವಿಯವರು ತೀರಿಕೊಂಡದ್ದು ಫೆಬ್ರುವರಿ ಹನ್ನೆರಡರಂದು.

ಹಾಗಾದರೆ ಈ ತಟ್ಟೆಯ ಮೇಲೆ ‘ಲಿಂಗೈಕ್ಯ’ ಎಂದು ಕೊರೆದಾಗ ಆ ತಾಯಿ ಬದುಕಿದ್ದರು. ಊಟ ಮಾಡುತ್ತಿದ್ದರು. ಲಿಂಗಪೂಜೆ ಮಾಡುತ್ತಿದ್ದರು. ಅವರ ಸಾವು ಅವರಿಗಿಂತ ಮೊದಲೇ ಸ್ಟೀಲಿನ ಮೇಲೆ ನಿಂತಿತ್ತು.

ತಟ್ಟೆಯನ್ನು ಬೆಳಕಿಗೆ ಹಿಡಿದೆ. ಹೆಸರಿನ ಕೆಳಗೆ ತಾರೀಖಿತ್ತು. ಅದು ಬೈರಣ್ಣನದಲ್ಲ. ವಿದ್ಯುತ್ ಬಿಲ್ಲಿನಿಂದ ಮದುವೆ ಕರೆಯೋಲೆಯವರೆಗೆ ಎಲ್ಲೆಡೆ ಕಾಣುವ ಕಂಪ್ಯೂಟರಿನ ಅಕ್ಷರ. ಲೇಸರಿನಿಂದ ಸುಟ್ಟು ಬರೆದದ್ದು, ನುಣುಪು, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಹೆಸರು ಒಂದು ದಿನ, ತಾರೀಖು ಇನ್ನೊಂದು ದಿನ. ನಡುವೆ ಒಂದು ಜೀವ ಹೋಗಿತ್ತು.

ನಾನು ಮತ್ತೆ ಒಳಗೆ ಹೋದೆ.

ಕಮಲಾದೇವಿಯವರ ಒಬ್ಬನೇ ಮಗ ಸೋಮನಾಥ್ ಊಟದ ಹಾಲಿನಲ್ಲಿ ಪಂಕ್ತಿಯ ಮೇಲ್ವಿಚಾರಣೆ ನೋಡುತ್ತಿದ್ದ. ಜೆ.ಪಿ. ನಗರದಲ್ಲಿ ಟೈಲ್ಸ್ ವ್ಯಾಪಾರ ಮಾಡುವವನು. ಹೆಂಡತಿ ಮಕ್ಕಳೊಡನೆ ಅಲ್ಲೇ ಇರುವವನು. ಹಣೆ, ತೋಳು, ಮಣಿಕಟ್ಟುಗಳ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನನ್ನು ಕಂಡೊಡನೆ ಮುಖ ಬಿಗಿಯಾಯಿತು.

“ಈ ತಟ್ಟೆ ಯಾವತ್ತು ಮಾಡಿಸಿದಿರಿ?” ಎಂದೆ.

“ಏನ್ ಮೇಷ್ಟ್ರೇ, ಸ್ಟೀಲ್ ಸರಿ ಇಲ್ವಾ?”

“ಸ್ಟೀಲ್ ಚೆನ್ನಾಗಿದೆ. ದಿನ ಕೇಳಿದೆ.”

“ಮೊನ್ನೆ ಶುಕ್ರವಾರ, ಲೇಸರ್ ಅಂಗಡೀಲಿ. ಈಗ ನಮ್ಮನೆ ಪಾತ್ರೆಗೂ ನೀವು ಮಾರ್ಕ್ಸ್ ಹಾಕ್ಬೇಕಾ?”

“ಲೇಸರಿನಲ್ಲಿ ಹಾಕಿಸಿದ್ದು ತಾರೀಖು ಮಾತ್ರ. ಹೆಸರು ಹಾಕಿದವನು ತಿಲಕ್ ನಗರದ ಬೈರಣ್ಣ. ನಿಮ್ಮ ತಾಯಿ ಹೋಗುವುದಕ್ಕೆ ಹದಿಮೂರು ದಿನ ಮೊದಲೇ ಅವನ ಕೈ ಬಿದ್ದುಹೋಯಿತು. ಬದುಕಿದ್ದ ತಾಯಿಗೆ ಲಿಂಗೈಕ್ಯ ಎಂದು ಬರೆಸಿದವರು ಯಾರು, ಸೋಮನಾಥ್?”

ನಾನು ದನಿ ತಗ್ಗಿಸಲಿಲ್ಲ. ತಗ್ಗಿಸಬೇಕಿತ್ತೆಂದು ಆಮೇಲೆ ಅನ್ನಿಸಿತು. ಸಾರಿನ ಬಕೆಟ್ಟು ಹಿಡಿದವರು ನಿಂತರು. ಎಲೆಯ ಮುಂದಿದ್ದವರ ಕೈಗಳು ನಿಂತವು. ಆ ಮೌನದಲ್ಲಿ ಸೋಮನಾಥ್ ಹೇಳಿದ್ದು ಕೊನೆಯ ಪಂಕ್ತಿಗೂ ಕೇಳಿಸಿತು.

“ನೀವು ಕಳಿಸಿದ ಹುಡುಗಿ ನಮ್ಮಮ್ಮನ್ನ ತಳ್ಳಿ ಸಾಯಿಸಿದ್ಲು. ಮಂಡಿ ಆಪರೇಷನ್ ಆದ್ಮೇಲೆ ಒಂದು ಮೆಟ್ಲು ಹತ್ತದೋರು, ಮಹಡಿಗೆ ಹೆಂಗೆ ಹೋದ್ರು? ಮನೇಲಿ ಇದ್ದಿದ್ದು ಇಬ್ರೇ. ಅಪ್ಪ ನಮ್ಮನೇಲಿದ್ರು. ಅದಕ್ಕೆ ಉತ್ತರ ಇಲ್ಲ ನಿಮ್ಮ ಹತ್ರ. ಅಕ್ಷರ ನೋಡೋಕೆ ಬಂದಿದ್ದೀರ.”

ಆದರೆ ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನ ಕೈಯ ತಟ್ಟೆಯ ಕಡೆಗೆ ಹೋಯಿತು. ಅವನು ಅದನ್ನು ಕಿತ್ತುಕೊಂಡು ನೋಡಿದ. ಹೆಬ್ಬೆರಳಿನಿಂದ ಹೆಸರನ್ನು ಉಜ್ಜಿದ. ಮೂವತ್ತೊಂದು ವರ್ಷ ಮಕ್ಕಳ ಮುಖ ಓದಿದ ನಾನು ಹೇಳುತ್ತೇನೆ: ಆ ಮುಖದಲ್ಲಿದ್ದುದು ಸಿಕ್ಕಿಬಿದ್ದವನ ಭಯವಲ್ಲ. ಈಗಷ್ಟೇ ಲೆಕ್ಕ ತಪ್ಪಿದೆಯೆಂದು ತಿಳಿದ ಹುಡುಗನ ಗಾಬರಿ. ಆದರೂ ಮುಖವೊಂದನ್ನೇ ನಂಬಿ ತೀರ್ಪು ಕೊಡಬಾರದು. ಅದನ್ನೂ ಶಾಲೆಯಲ್ಲೇ ಕಲಿತಿದ್ದೇನೆ.

ಅವನು ನನ್ನ ತೋಳು ಹಿಡಿದು ಉಗ್ರಾಣದ ಕೋಣೆಗೆ ಎಳೆದೊಯ್ದ. ಅಲ್ಲಿ, ಅಕ್ಕಿ ಮೂಟೆಗಳ ನಡುವೆ, ಅವನ ದನಿ ಇಳಿಯಿತು. ತಟ್ಟೆಗಳನ್ನು ತಾನು ಮಾಡಿಸಲಿಲ್ಲವೆಂದ. ತಾಯಿ ಹೋದ ನಾಲ್ಕನೇ ದಿನ ಅವರ ಕೋಣೆ ಗುಡಿಸುವಾಗ ಮಂಚದ ಕೆಳಗೆ ವೃತ್ತಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಕಟ್ಟು ಸಿಕ್ಕಿದವಂತೆ. ಇನ್ನೂರು ತಟ್ಟೆ. ಹೆಸರು ಆಗಲೇ ಇತ್ತು, ತಾರೀಖಿನ ಜಾಗ ಖಾಲಿ ಇತ್ತು.

“ಅಮ್ಮನೇ ಮಾಡಿಸಿಟ್ಟಿರ್ಬೇಕು, ಅದನ್ನೇ ಹಂಚಿ ಅಂದ್ರು ಅಪ್ಪ. ನಮ್ಮಮ್ಮ ಹಂಗೇ ಮೇಷ್ಟ್ರೇ. ತನ್ನ ಮೇಲೆ ಹೊದಿಸೋ ಬಟ್ಟೇನೂ ತಾನೇ ತಂದಿಟ್ಕೊಂಡಿದ್ರು.”

“ಇದನ್ನು ಪೊಲೀಸರಿಗೆ ಹೇಳಿದಿರಾ?”

ಅವನು ಅಕ್ಕಿ ಮೂಟೆಯೊಂದರ ಬಾಯಿದಾರವನ್ನು ಬಿಗಿದ.

“ಒಬ್ಬ ಹುಡುಗಿ ಜೈಲಿನಲ್ಲಿದ್ದಾಳೆ, ಸೋಮನಾಥ್. ಇನ್ನೂರು ತಟ್ಟೆ ಸಾಕ್ಷಿ ನಿಮ್ಮ ಮನೆಯಲ್ಲಿತ್ತು.”

“ಜನ ಏನಂತಾರೆ? ಸಾಯೋದು ಮೊದ್ಲೇ ಗೊತ್ತಿತ್ತು ಅಂತಾರೆ. ಅಪ್ಪ ಬೇಡ ಅಂದ್ರು. ಬಿಟ್ಟೆ.”

ಬಿಟ್ಟೆ! ಎಷ್ಟು ಚಿಕ್ಕ ಪದ. ಹೆತ್ತ ತಾಯಿಯ ಸಾವಿನಲ್ಲಿ ಎದ್ದು ಕಾಣುವ ಪ್ರಶ್ನೆಯೊಂದಿದ್ದಾಗ, ಆ ಪ್ರಶ್ನೆಯ ಮೇಲೆಯೇ ತಾರೀಖು ಹಾಕಿಸಿ ಊರಿಗೆ ಹಂಚಿದ ಮಗ. ವಿದ್ಯಾವಂತ. ಇವನ ಮರ್ಯಾದೆಯ ತೂಕ ಒಬ್ಬ ಬಡವಳ ಬಂಧನಕ್ಕಿಂತ ಹೆಚ್ಚಂತೆ.

ಉಗ್ರಾಣದ ಬಾಗಿಲಲ್ಲಿ ನೆರಳು ಬಿತ್ತು. ಮೃತರ ಪತಿ ಕರಿಬಸವಯ್ಯನವರು ನಿಂತಿದ್ದರು. ಎಂಬತ್ತರ ಸಮೀಪದವರು, ಚಾಮರಾಜಪೇಟೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಕಿರಾಣಿ ವ್ಯಾಪಾರಿ. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ ತಿಳಿಯದು. ಅವರು ಮಗನ ಕೈಯಿಂದ ತಟ್ಟೆ ತೆಗೆದುಕೊಂಡು, ಪಂಚೆಯ ಅಂಚಿನಿಂದ ಒರೆಸಿ, ನನ್ನ ಕೈಗೆ ಕೊಟ್ಟರು.

“ತಟ್ಟೆ ಸಿಕ್ತಲ್ಲ ಮೇಷ್ಟ್ರೇ,” ಎಂದರು. “ಹೊರಡಿ.”

ಮಂಟಪದ ಹೊರಗೆ, ಚಪ್ಪಲಿ ಬಿಡುವ ಜಾಗದ ಆಚೆ, ದುಂಡವ್ವ ಕೂತಿದ್ದಳು. ಭಾಗ್ಯಜ್ಯೋತಿಯ ತಾಯಿ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸದವಳು. ಒಳಗೆ ಬರುವುದು ಬೇಡವೆಂದು ನಾನೇ ಹೇಳಿದ್ದೆ. ಹೊರಗಾದರೂ ಇರುತ್ತೇನೆಂದು ಬಂದಿದ್ದಳು. ನಡೆದದ್ದನ್ನು ಹೇಳಿದೆ. ತಟ್ಟೆಯನ್ನು ತೋರಿಸಿ, ಬೈರಣ್ಣ ಯಾರು, ಅವನ ಅಕ್ಷರ ಏನು ಹೇಳುತ್ತದೆ ಎಂಬುದನ್ನು ನಿಧಾನವಾಗಿ ಬಿಡಿಸಿದೆ.

ಅವಳು ಚುಕ್ಕಿಗಳ ಮೇಲೆ ಬೆರಳಾಡಿಸಿದಳು. “ಹಂಗಾದ್ರ ಇದನ್ನ ಬರಸಿದಾವ್ರ ಸಿಕ್ರ, ನನ್ನ ಮಗಳ ಬಿಡ್ತಾರೇನ್ರೀ?”

ಬಿಡಲೇಬೇಕು ಎಂದೆ. ಇದನ್ನು ಬರೆಸಿದವರಿಗೆ ಸಾವು ಮೊದಲೇ ಗೊತ್ತಿತ್ತು. ಬರೆಸಿದವರ ಚೀಟಿ ಬೈರಣ್ಣನ ಮನೆಯಲ್ಲಿ ಇದ್ದೇ ಇರುತ್ತದೆ. ಅವನು ಯಾರ ಬಾಯಿಮಾತನ್ನೂ ಸ್ಟೀಲಿಗೆ ಇಳಿಸಿದವನಲ್ಲ. ಗಿರಾಕಿ ತನ್ನ ಕೈಯಾರೆ ಬರೆದುಕೊಟ್ಟರೆ ಮಾತ್ರ ಸೂಜಿ ಹಿಡಿಯುವವನು.

ಬಿಡಲೇಬೇಕು ಎಂಬ ಮಾತನ್ನು ನಾನು ಎಷ್ಟು ಸಲೀಸಾಗಿ ಆಡಿದೆ.

ತಿಲಕ್ ನಗರದ ಆ ಒಂದು ಕೋಣೆಯ ಮನೆಯಲ್ಲಿ ಬೈರಣ್ಣನ ಹೆಂಡತಿ ಅಂಕಮ್ಮ ಅವನಿಗೆ ಗಂಜಿ ಕುಡಿಸುತ್ತಿದ್ದಳು. ಹದಿನೆಂಟು ವರ್ಷ ಆ ರಸ್ತೆಯ ಗಿರಾಕಿಗಳನ್ನೆಲ್ಲ ನಗಿಸಿದ ಮನುಷ್ಯ ಗೋಡೆಗೆ ಒರಗಿ, ಬಾಯಿಯ ಒಂದು ಕೊನೆಯಿಂದ ಸೋರುವುದನ್ನು ಒರೆಸಿಕೊಳ್ಳಲಾರದೆ ಕೂತಿದ್ದ. ಸೂಜಿಯ ಯಂತ್ರಕ್ಕೆ ಹಳೆಯ ದಿಂಬಿನ ಕವಚ ಹೊದಿಸಿ ಮೂಲೆಗಿಟ್ಟಿದ್ದರು.

ನನಗೊಂದು ಅನುಮಾನ ಬಾಕಿಯಿತ್ತು, ಅದನ್ನು ಮೊದಲು ತೀರಿಸಿಕೊಳ್ಳಬೇಕಿತ್ತು. ಈ ನಡುವೆ ಕೈ ಸ್ವಲ್ಪವಾದರೂ ಆಡಿತೇ ಎಂದು ಕೇಳಿದೆ. ಅಂಕಮ್ಮ ಉತ್ತರದ ಬದಲು ಚಮಚವನ್ನು ಅವನ ಬಲ ಅಂಗೈಯಲ್ಲಿಟ್ಟಳು. ಅದು ಜಾರಿ ನೆಲಕ್ಕೆ ಬಿತ್ತು. ಕೇಳಿದ್ದಕ್ಕೆ ನನಗೆ ನಾಚಿಕೆಯಾಯಿತು.

ತಟ್ಟೆಯನ್ನು ಅವನ ತೊಡೆಯ ಮೇಲಿಟ್ಟೆ. ಬೈರಣ್ಣ ಎಡಗೈಯಿಂದ ಅದನ್ನು ತಿರುಗಿಸಿದ, ನನ್ನ ಕಡೆಗೆ ನೆಟ್ಟಗಾಗುವಂತೆ. ತೋರುಬೆರಳು ‘ಕರಿಬಸವಯ್ಯ’ನಿಂದ ಹಿಂದಕ್ಕೆ ಸರಿಯುತ್ತ ಸರಿಯುತ್ತ ‘ಲಿಂಗೈಕ್ಯ’ದಲ್ಲಿ ನಿಂತಿತು. ಅವನು ತಲೆಯಾಡಿಸಿದ. ಏನೋ ಹೇಳಿದ, ನನಗೆ ಅರ್ಥವಾಗಲಿಲ್ಲ.

“ನಂದೇ ಅಂತಾವ್ರೆ ಸಾರ್,” ಎಂದಳು ಅಂಕಮ್ಮ. “ಕೊನೇ ಕೆಲ್ಸ ಇದೇ. ಗುರುವಾರ ಸಂಜೆ ಮುಗೀತು, ತಗೊಂಡೋದ್ರು. ಶುಕ್ರವಾರ ಬೆಳಿಗ್ಗೆ ಇವ್ರು ಬಿದ್ರು.”

ಚೀಟಿ ಕೇಳಿದೆ. ಗೋಡೆಯ ಮೊಳೆಗೆ ತಂತಿಯೊಂದು ನೇತಾಡುತ್ತಿತ್ತು. ವರ್ಷವಿಡೀ ಬಂದ ಚೀಟಿಗಳನ್ನು ಚುಚ್ಚಿಡುವ ತಂತಿ. ಕೊನೆಯ ಕೆಲಸದ ಚೀಟಿ ಎಲ್ಲಕ್ಕಿಂತ ಮೇಲೆಯೇ ಇತ್ತು. ಅಂಕಮ್ಮ ಅದನ್ನು ಹರಿಯದಂತೆ ಬಿಡಿಸಿ ನನ್ನ ಕೈಗಿಟ್ಟಳು.

ಗೆರೆಯಿರುವ ನೋಟ್‌ಬುಕ್ಕಿನ ಅರ್ಧ ಹಾಳೆ. ನೀಲಿ ಬಾಲ್‌ಪೆನ್. ‘ಲಿಂಗೈಕ್ಯ ಶರಣೆ ಕಮಲಾದೇವಿ ಕರಿಬಸವಯ್ಯ. ತಟ್ಟೆ ೨೦೦. ತಾರೀಖಿಗೆ ಜಾಗ ಬಿಡಿ.’

ಓದುವುದು ಮುಗಿಯುವ ಮೊದಲೇ ನನಗೆ ಗೊತ್ತಾಯಿತು.

ಅಕ್ಷರ ನೋಡುವವನಿಗೆ ಓದು ಎರಡನೆಯದು. ಮೊದಲು ಕಾಣುವುದು ಕೈ. ಬಳೆಯಂತೆ ಪೂರ್ತಿ ಮುಚ್ಚಿಕೊಳ್ಳುವ ರಕಾರ. ಮುಂದಿನ ಅಕ್ಷರದ ಅಡಿಗೆ ಬಾಲ ಚಾಚುವ ಮಕಾರ. ತಲೆಕಟ್ಟುಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ, ಯಾರೂ ಕಲಿಸದೆ ಬಂದ ಲಯ. ನಮ್ಮ ಕಟ್ಟಡದ ನೀರಿನ ಮೋಟಾರಿನ ಸ್ವಿಚ್ಚಿನ ಪಕ್ಕದಲ್ಲಿ ಯಾವ ಮನೆಗೆ ಯಾವ ದಿನ ನೀರು ಎಂಬ ಪಟ್ಟಿಯೊಂದಿದೆ. ಎರಡು ವರ್ಷದಿಂದ ಬೆಳಿಗ್ಗೆ ಎದ್ದು ನಾನು ಮೊದಲು ನೋಡುವ ಬರಹ ಅದು. ಅದನ್ನು ಹೊಗಳಿ, ಹೀಗೆಯೇ ಬರೆಯುತ್ತಿರು ಮಗಳೇ ಎಂದು ಬರೆದವಳಿಗೆ ಒಂದು ಪೆನ್ನು ಕೂಡ ಕೊಟ್ಟಿದ್ದೆ.

ಈ ಕೇಸಿನಲ್ಲಿ ನಾನು ಹುಡುಕುತ್ತಿದ್ದ ಕೊಲೆಗಾರನ ಕೈ ಇದಾಗಲು ಸಾಧ್ಯವೇ ಇಲ್ಲ ಎಂದು ಮನಸ್ಸು ಕೂಗಿತು. ಕಣ್ಣು ಒಪ್ಪಲಿಲ್ಲ. ಜೈಲಿನಲ್ಲಿ ಸರಳಿನ ಆಚೆ ನಿಂತು ಅವಳು ನನಗೆ ಎಲ್ಲವನ್ನೂ ಹೇಳಿದ್ದೇನೆ ಎಂದಿದ್ದಳು. ದೇವರಾಣೆ ಮಾಡಿದ್ದಳು. ತಟ್ಟೆಯ ಮಾತು ಒಂದು ಸಲವೂ ಬಂದಿರಲಿಲ್ಲ.

ದುಂಡವ್ವ ಬಾಗಿಲ ಹತ್ತಿರ ಕೂತಿದ್ದಳು. “ಏನ್ ಬರ್ದಾರ್ರೀ?” ಎಂದಳು.

ಹೆಸರು ಬರೆದಿದೆ ಎಂದೆ. ಅದು ಸುಳ್ಳಲ್ಲ. ಆದರೆ ಸತ್ಯದ ಅರ್ಧವನ್ನು ಹೇಳಿ ಉಳಿದರ್ಧವನ್ನು ನುಂಗುವವರನ್ನು ನಾನು ಜೀವಮಾನವಿಡೀ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಅವಳು ಎದ್ದು ಬಂದಳು. ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿದಳು, ಅಷ್ಟೇ. ದುಂಡವ್ವನಿಗೆ ಓದು ಬಾರದು. ತನ್ನ ಹೆಸರು ಬರೆಯುವುದೂ ಬಾರದು. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು. ಆದ್ದರಿಂದ ನಾನು ಚೀಟಿಯನ್ನು ಮಡಿಸದೆ ಹಿಡಿದೇ ಇದ್ದೆ. ಅದು ನನ್ನ ಮೂರ್ಖತನ. ಓದು ಬಾರದವರಿಗೆ ಅಕ್ಷರ ಕಾಣುವುದಿಲ್ಲ ಎಂಬ ಅಹಂಕಾರ ನನ್ನಂಥವನಿಗೂ ಇತ್ತು.

“ಇದು ನಮ್ಮ ಭಾಗೀದು,” ಎಂದಳು.

ಈಗ ಚೀಟಿಯನ್ನು ಮಡಿಸಿದೆ.

“ಓದಾಕ ಬರೂದಿಲ್ರೀ ನನಗ. ಆದ್ರ ಮಗಳ ಕೈ ಗೊತ್ತಾಗೂದಿಲ್ಲೇನ್ರೀ? ದಿನಾ ನೀರ ಬಿಡುಮುಂದ ಆ ಪಟ್ಟಿ ಮುಂದ ನಿಂತಿರ್ತೀನಿ. ಹೌದಲ್ರೀ ಮಾಸ್ತರ್ರ?”

“ಹೌದು,” ಎಂದೆ.

ಅವಳು ಕುಸಿಯಲಿಲ್ಲ, ಅಳಲಿಲ್ಲ. ಬೆರಳುಗಳು ಮಾತ್ರ ಇಲ್ಲದ ದಾರವೊಂದನ್ನು ಸೆರಗಿನಿಂದ ಕೀಳುತ್ತಿದ್ದವು. ಇದನ್ನು ನಾಳೆ ಪೊಲೀಸರಿಗೆ ಕೊಡುತ್ತೀರೇನು ಎಂದು ಕೇಳಿದಳು. ಅಳೆದು ತೂಗಿದ ಮಾತು; ಅದರಲ್ಲಿ ಬೇಡಿಕೆ ಇರಲಿಲ್ಲ.

ಹರಿದು ಹಾಕುವುದು ಎಷ್ಟು ಸುಲಭವಿತ್ತು. ಅರ್ಧ ಹಾಳೆ. ಒಲೆ ಅಲ್ಲೇ ಇತ್ತು. ಅಂಕಮ್ಮ ಮುಖ ಬೇರೆ ಕಡೆ ತಿರುಗಿಸಿದ್ದಳು, ಬೈರಣ್ಣ ಹೇಳಲಾರ. ಆದರೆ ಸೋಮನಾಥನಿಗೆ ನಾನು ಹಾಕಿದ ಛೀಮಾರಿ ಇನ್ನೂ ನನ್ನ ಬಾಯಲ್ಲೇ ಇತ್ತು. ಅವನು ಮಾಡಿದ್ದು ತಪ್ಪಾದರೆ ನಾನು ಮಾಡಿದ್ದು ಸರಿಯಾಗುವುದು ಹೇಗೆ?

“ಕೊಡಲೇಬೇಕು ದುಂಡವ್ವ.”

“ಹಂಗಾದ್ರ ನನ್ನ ಮಗಳಿಗೆ ಬೇಡಿ ಹಾಕಾವ್ರ ನೀವ ಆದ್ರಿ,” ಎಂದಳು. “ಕೆಲಸಕ್ಕ ಹಚ್ಚಿದವ್ರೂ ನೀವ.”

ಅವಳು ಹೊರಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತಳು. ನನ್ನನ್ನು ಬಿಟ್ಟುಹೋಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಆಗ ಬೈರಣ್ಣ ಮತ್ತೆ ಮಾತಾಡಿದ. ಒಂದೇ ಪದವನ್ನು ಮತ್ತೆ ಮತ್ತೆ ಹೇಳುತ್ತ, ಎಡಗೈಯನ್ನು ಬಾಗಿಲ ಕಡೆಗೆ ಬೀಸಿದ. ಅಂಕಮ್ಮ ಅವನ ಬಾಯಿಗೆ ಕಿವಿಯಿಟ್ಟು ಕೇಳಿದಳು. ಅವಳ ಹುಬ್ಬು ಗಂಟಿಕ್ಕಿತು.

“ಆಟೋ ಅಂತಾವ್ರೆ ಸಾರ್. ಹೌದು, ಆ ಹುಡುಗಿ ಒಬ್ಳೇ ಬಂದಿರ್ಲಿಲ್ಲ.”

ಜನವರಿ ಇಪ್ಪತ್ನಾಲ್ಕು, ಶನಿವಾರ, ಮಧ್ಯಾಹ್ನ ಮೂರರ ಹೊತ್ತು. ಮನೆಯೆದುರು ಆಟೋ ನಿಂತಿತು. ಹುಡುಗಿ ಇಳಿದು ಬಂದು, ಚೀಟಿಯನ್ನು ಇಲ್ಲಿಯೇ, ಈ ಹೊಸ್ತಿಲ ಮೇಲೆ ಕೂತು ಬರೆದಳು. ಬರೆಯುತ್ತ ಎರಡು ಸಲ ಎದ್ದು ಆಟೋ ಹತ್ತಿರ ಹೋಗಿ, ಬಗ್ಗಿ ಏನೋ ಕೇಳಿಕೊಂಡು ಬಂದಳು. ಅಮ್ಮ ಯಾವಾಗ ಹೋದರು ಎಂದು ಬೈರಣ್ಣ ಎಂದಿನಂತೆ ಕೇಳಿದಾಗ ಉತ್ತರಿಸಲಿಲ್ಲ, ಕಣ್ಣಲ್ಲಿ ನೀರಿತ್ತು. ದುಃಖವಿರಬೇಕು ಎಂದುಕೊಂಡು ಅವನು ಮತ್ತೆ ಕೇಳಲಿಲ್ಲ. ತಾರೀಖನ್ನು ಆಮೇಲೆ ಹಾಕಿಸುತ್ತೇವೆ ಎಂದಳು. ಮೊದಲ ತಟ್ಟೆಯನ್ನು ಕೊರೆಯುವವರೆಗೆ ಕಾದು, ಅದನ್ನು ಆಟೋಗೆ ಒಯ್ದು ಒಳಗೆ ಚಾಚಿದಳು.

“ಒಳಗಿಂದ ಒಂದು ಕೈ ಬಂತು,” ಎಂದಳು ಅಂಕಮ್ಮ. “ಗಂಡಸ್ರ ಕೈ. ಮಣಿಕಟ್ಟಿನ ಮೇಲೆ ವಿಭೂತಿ. ಬೆರಳಲ್ಲಿ ಹೆಸರು ಸವರಿ ನೋಡಿ, ಸರಿ ಅನ್ನೋ ಹಂಗೆ ತಟ್ಟೇನ ಎರಡು ಸಲ ತಟ್ಟಿ ವಾಪಸ್ ಕೊಡ್ತು. ಮುಖ ನಂಗೆ ಕಾಣ್ಲಿಲ್ಲ ಸಾರ್. ಪರದೆ ಇಳಿಬಿಟ್ಟಿದ್ರು.”

ಗುರುವಾರ ತಟ್ಟೆ ಒಯ್ಯಲು ಬಂದವನು ಬರೀ ಆಟೋದವನು. ಅವನನ್ನು ಅವಳು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ವಿಭೂತಿಯ ಕೈ. ಇಂದು ಆ ಮಂಟಪದಲ್ಲಿ ಅಂಥ ಕೈಗಳು ನೂರಾರಿದ್ದವು. ತಟ್ಟೆಯನ್ನು ಕಿತ್ತುಕೊಂಡು ಹೆಬ್ಬೆರಳಿನಿಂದ ಉಜ್ಜಿದ್ದು ಒಂದು. ಪಂಚೆಯ ಅಂಚಿನಿಂದ ಒರೆಸಿ ನನಗೆ ಕೊಟ್ಟದ್ದು ಇನ್ನೊಂದು. ನಾನು ಹೆಸರು ಹೇಳಲಾರೆ; ಹೇಳಲು ನನಗೆ ಹಕ್ಕಿಲ್ಲ. ಒಂದು ಸಲ ಇಂದು ಪುರಾವೆಗಿಂತ ಮೊದಲು ಬಾಯಿ ತೆರೆದು ನೂರು ಜನರ ಮುಂದೆ ಒಬ್ಬನನ್ನು ನಿಲ್ಲಿಸಿದ್ದೇನೆ.

ಒಂದು ಮಾತ್ರ ತಿಳಿದಿದೆ. ಅಳುತ್ತ ಒಬ್ಬಳು ಬರೆದಳು; ಪರದೆಯ ಹಿಂದೆ ಕೂತು ಇನ್ನೊಬ್ಬರು ಬರೆಸಿದರು. ನಾಳೆ ಹತ್ತು ಗಂಟೆಗೆ ನಾನು ಮೇಜಿನ ಮೇಲಿಡುವ ಚೀಟಿಯಲ್ಲಿ ಕಾಣುವುದು ಬರೆದವಳ ಕೈ ಮಾತ್ರ. ಬರೆಸಿದವರು ಯಾವ ಗೆರೆಯಲ್ಲೂ ಇಲ್ಲ. ಮಾತಾಡಲಾರದ ಗಂಡ, ಮುಖ ನೋಡದ ಹೆಂಡತಿ. ಇವರ ಸಾಕ್ಷ್ಯವನ್ನು ಯಾವ ವಕೀಲನಾದರೂ ಎರಡು ನಿಮಿಷದಲ್ಲಿ ಮುರಿದು ಹಾಕುತ್ತಾನೆ. ಆಮೇಲೆ ಆ ಅರ್ಧ ಹಾಳೆಯೇ ಭಾಗ್ಯಜ್ಯೋತಿಗೆ ಉರುಳಾಗುತ್ತದೆ, ಮತ್ತು ಅದನ್ನು ಹೊಸೆದವನು ನಾನಾಗುತ್ತೇನೆ.

ಆ ಶನಿವಾರ ಮಧ್ಯಾಹ್ನ ತಿಲಕ್ ನಗರದ ಆ ರಸ್ತೆ ಖಾಲಿಯಿರಲಿಲ್ಲವೆಂದಳು ಅಂಕಮ್ಮ. ಎದುರಿಗೆ ಹಣ್ಣಿನ ಗಾಡಿಯಿತ್ತು, ಮಸೀದಿ ಕಡೆಯಿಂದ ಬರುವವರಿದ್ದರು, ಟ್ಯೂಷನ್ನಿಗೆ ಮಕ್ಕಳನ್ನು ಬಿಟ್ಟು ನಿಂತ ತಾಯಂದಿರಿದ್ದರು. ಬಿಸಿಲಿಲ್ಲದ, ಮಳೆಯಿಲ್ಲದ ಹೊತ್ತಿನಲ್ಲಿ ಎರಡೂ ಕಡೆ ಪರದೆ ಇಳಿಬಿಟ್ಟು ಮುಕ್ಕಾಲು ಗಂಟೆ ನಿಂತ ಆಟೋವನ್ನು ನಿಮ್ಮಲ್ಲಿ ಯಾರೋ ಒಬ್ಬರು ನೋಡಿದ್ದೀರಿ. ದಾರಿಗೆ ಅಡ್ಡವಾಯಿತೆಂದು ಬೈದಿದ್ದೀರಿ. ಅದನ್ನು ಓಡಿಸಿದವರೇ ಇದನ್ನು ಓದುತ್ತಿರಬಹುದು.

ನಮಗೇಕೆ ಊರ ಉಸಾಬರಿ ಎನ್ನಬೇಡಿ. ನಾಳೆ ಬೆಳಿಗ್ಗೆ ಒಂಬತ್ತರಿಂದ ನಾನು ಜಯನಗರ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಪಕ್ಕದಲ್ಲಿ ನನ್ನೊಡನೆ ಮಾತು ಬಿಟ್ಟ ಒಬ್ಬ ತಾಯಿ ಇರುತ್ತಾಳೆ. ಹತ್ತು ಹೊಡೆಯುವ ಮೊದಲು ಬನ್ನಿ. ಆ ಆಟೋದೊಳಗೆ ಕೂತಿದ್ದವರು ಯಾರೆಂದು ಹೇಳಿ.